ಸೋಸಿದ ಹಣ್ಣು

ಕ್ಯಾಂಟೀನಮ್ಮ ಕೆಲಸ ಮುಗಿಸಿ ಮನೆಗೆ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ಸ್ಟ್ರಾಬೆರಿ, ರಾಸ್ಪ್‌ಬೆರಿ ಡಬ್ಬಿಗಳು, ಒಂದು ಹಿಡಿ ಪುದೀನ, ನಿಂಬೆಹಣ್ಣು, ಇವೆಲ್ಲದರ ನಡುವೆ ಮದುಮಗನ ಹಾಗೆ ನೆಟ್ಟಗೆ ನಿಂತ ಒಂದು ವಿಸ್ಕಿ ಬಾಟಲಿ ಇದ್ದವು. ಆಕೆ ಚಪ್ಪಲಿ ಬಿಡುವುದನ್ನೂ ಮರೆತಳು.

"ಇದು ಯಾರದು?"

"ನಂದೇ ಅಮ್ಮ. ಕೆಲಸದ್ದು," ಎಂದ ಮಗ. ಅವನು ದೊಡ್ಡ ಹೋಟೆಲೊಂದರ ಬಾರಿನಲ್ಲಿ ಪಾನೀಯ ಬೆರೆಸುವವನು. ಚಾಕುವಿನ ತುದಿಯಿಂದ ಸ್ಟ್ರಾಬೆರಿಯ ತೊಟ್ಟು ಕೀಳುತ್ತಿದ್ದ, ತಲೆ ಎತ್ತಲಿಲ್ಲ.

"ಕೆಲಸದ್ದು ಕೆಲಸದ ಜಾಗದಲ್ಲಿರಬೇಕು. ನಾನೇನು ಕ್ಯಾಂಟೀನಿನ ಪಾತ್ರೆ ತಲೆ ಮೇಲೆ ಹೊತ್ಕೊಂಡು ಮನೆಗೆ ಬರ್ತೀನಾ?"

"ಪಾತ್ರೆ ತರಲ್ಲ. ಅದರೊಳಗೆ ಮಿಕ್ಕಿದ್ದೆಲ್ಲಾ ತರ್ತೀಯ."

ಅದು ಸುಳ್ಳಲ್ಲ. ಆಕೆ ಒಂದು ಕಚೇರಿಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಮಧ್ಯಾಹ್ನ ಮಿಕ್ಕಿದ ಆಲೂಗಡ್ಡೆ ಸಂಜೆ ಸೂಪಾಗುತ್ತಿತ್ತು, ಒಣಗಿದ ಬ್ರೆಡ್ಡು ಮರುದಿನ ಹಾಲಿನಲ್ಲಿ ನೆನೆದು ಮತ್ತೆ ತಟ್ಟೆಗೆ ಬರುತ್ತಿತ್ತು. ತನ್ನ ಅಡುಗೆಮನೆಯ ಕಸದ ಬುಟ್ಟಿಯನ್ನು ಒಂದು ಕಿರುಬೆರಳಲ್ಲಿ ಎತ್ತಬಹುದು ಎಂದು ಆಕೆ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದಳು.

"ಮಾತು ತಿರುಗಿಸ್ಬೇಡ. ಈ ಮನೆಗೆ ಬಾಟಲಿ ಬರಬಾರದು ಅಂತ ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಮನೆಯವರಿಗೆಲ್ಲ ಗೊತ್ತಿತ್ತು. ಮನೆಯ ಯಜಮಾನ ಬಡಗಿ. ಒಂದು ಕಾಲದಲ್ಲಿ ಬೆಳಗಿನ ಟೀಗೆ ಮೊದಲೇ ಕುಡಿಯುತ್ತಿದ್ದವನು. ಹಾಗೆ ಕುಡಿದು ಗರಗಸದ ಯಂತ್ರದ ಮುಂದೆ ನಿಂತ ಒಂದು ದಿನ ಎಡಗೈಯ ಎರಡು ಬೆರಳ ತುದಿ ಮರದ ಪುಡಿಯಲ್ಲಿ ಹೋದವು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಮತ್ತೆ ಮುಟ್ಟಲಿಲ್ಲ. ವರ್ಷಗಳೇ ಆಗಿದ್ದವು. ಆದರೂ ಕೆಮ್ಮಿನ ಔಷಧಿಯನ್ನು ಕೂಡ ಆಕೆ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದಳು. ಸಂಜೆ ಅವನು ವರ್ಕ್‌ಶಾಪಿನಿಂದ ಬಂದೊಡನೆ ಆಕೆ ಬಾಗಿಲಲ್ಲೇ ನಿಂತು, "ಇವತ್ತು ಏನು ಕೆಲಸ ಆಯ್ತು?" ಎಂದು ಕೇಳುವುದು ರೂಢಿ. ಅದು ಕೆಲಸದ ವಿಚಾರಣೆಯಲ್ಲ, ತಾನು ಬಾಯಿ ತೆರೆಯಲಿ, ವಾಸನೆ ತಿಳಿಯಲಿ ಎಂದು ಕೇಳುವ ಮಾತು ಎನ್ನುವುದು ಅವನಿಗೆ ತಿಳಿದಿತ್ತು. ತೆರೆದು, "ಕಿಟಕಿ ಚೌಕಟ್ಟು" ಎನ್ನುತ್ತಿದ್ದ. ಕುರ್ಚಿ ಮಾಡಿದ ದಿನವೂ ಕಿಟಕಿ ಚೌಕಟ್ಟೇ.

"ಕೇಳಮ್ಮ," ಎಂದ ಮಗ. "ಬಾರಿನ ಹಿರಿಯ ಬಿಟ್ಟುಹೋಗ್ತಿದ್ದಾನೆ. ಅವನ ಜಾಗಕ್ಕೆ ನಾನು, ಇನ್ನೊಬ್ಬ, ಇಬ್ಬರು. ಯಾರು ಬೆರಿ ಹಣ್ಣು, ವಿಸ್ಕಿ ಸೇರಿಸಿ ಒಳ್ಳೇ ಹೊಸ ಪಾನೀಯ ಮಾಡ್ತಾರೋ ಅವರಿಗೆ ಆ ಜಾಗ. ಅಲ್ಲಿ ಮಾಡಿ ನೋಡೋಣ ಅಂದ್ರೆ ಇನ್ನೊಬ್ಬ ಹೆಗಲ ಮೇಲಿಂದಲೇ ಬಗ್ಗಿ ನೋಡ್ತಾನೆ. ಸ್ವಲ್ಪ ದಿನ ಅಷ್ಟೆ."

"ಸ್ವಲ್ಪ ದಿನ! ನಿಮ್ಮಪ್ಪನೂ ಸ್ವಲ್ಪ ಅಂತಲೇ ಶುರು ಮಾಡಿದ್ದು."

ಅಷ್ಟರಲ್ಲಿ ಬಡಗಿ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಬಾಟಲಿಯನ್ನು ಒಮ್ಮೆ ನೋಡಿ, ಆಮೇಲೆ ನಿಂಬೆಹಣ್ಣುಗಳನ್ನು ಬಹಳ ಹೊತ್ತು ನೋಡಿದ.

"ಇರಲಿ ಬಿಡು. ಅವನ ಅನ್ನದ ಪ್ರಶ್ನೆ. ನಾನೇನು ತೊಟ್ಟಿಲ ಮಗುವಾ?"

"ತೊಟ್ಟಿಲ ಮಗುವಿಗೆ ಹಾಲು ಸಾಕು ಕಣ್ರೀ."

ಮಗ ನಗು ತಡೆಯಲಾರದೆ ಅತ್ತ ತಿರುಗಿದ. ಬಡಗಿ ನಗಲಿಲ್ಲ.

ಕೊನೆಗೆ ಬಾಟಲಿ ಉಳಿಯಿತು, ಬೀಗದ ಒಳಗೆ. ನಡುಮನೆಯ ಕಪಾಟಿನಲ್ಲಿದ್ದ ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದು ಆಕೆ ಅದನ್ನು ಅಲ್ಲಿಟ್ಟಳು. ಇಡುವ ಮೊದಲು ಗಂಡನ ಕಿವಿಯ ಮೇಲಿದ್ದ ಚಪ್ಪಟೆ ಪೆನ್ಸಿಲನ್ನೇ ಎಳೆದುಕೊಂಡು ವಿಸ್ಕಿ ಎಲ್ಲಿಯವರೆಗೆ ಇದೆಯೋ ಅಲ್ಲಿ ಬಾಟಲಿಯ ಚೀಟಿಯ ಮೇಲೆ ಗೆರೆ ಹಾಕಿದಳು. ಬೀಗದ ಕೈ ಕೊರಳ ದಾರಕ್ಕೆ ಹೋಯಿತು.

"ನಾನೇ ಮಾಡಿದ ಕಪಾಟು. ನನಗೇ ಬೀಗ," ಎಂದ ಬಡಗಿ. "ಹಿಂದಿನ ಹಲಗೆಗೆ ನಾಲ್ಕೇ ಮೊಳೆ ಹೊಡೆದಿರೋದು, ತಿಳ್ಕೋ."

ಅವನು ಕೈ ತೊಳೆಯಲು ಹೋದೊಡನೆ ಆಕೆ ಮಗನ ಕೈಲಿ ಕಪಾಟನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆ ಆ ಹೊತ್ತಿಗೆ ಬಂದಳು. ಕಪಾಟು ಎಳೆಯುವುದನ್ನು ಕಂಡು, ಚೀಲವನ್ನೂ ಇಳಿಸದೆ, "ಬೀದಿ ತುಂಬಾ ಅಂಗಡಿ ಇವೆ ಅತ್ತೆ. ಕುಡಿಯೋ ಮನಸ್ಸಿದ್ರೆ ಮಾವನಿಗೆ ನಮ್ಮ ಕಪಾಟೇ ಬೇಕಾ?" ಎಂದಳು.

"ನಿನ್ನನ್ನ ಯಾರು ಕೇಳಿದ್ರು? ಗಂಡ ತಂದಿಟ್ಟ, ಹೆಂಡತಿ ವಕಾಲತ್ತು ಮಾಡ್ತಾಳೆ. ಹತ್ತು ವರ್ಷ ಆ ಮನುಷ್ಯನ ವಾಂತಿ ಬಳಿದವಳು ನೀನಲ್ಲ."

"ನೀವು ಬಳಿದಿದ್ದು ಸಾಕಾಗಲ್ಲ ಅಂತ ದಿನಾ ಅವರ ಮುಖಕ್ಕೇ ಬಳೀತೀರಲ್ಲ."

ಅಂದಿನಿಂದ ಅತ್ತೆ ಸೊಸೆಯರ ಮಾತು ನಿಂತಿತು. ಏನಾದರೂ ಹೇಳಲೇಬೇಕಾದರೆ ಕ್ಯಾಂಟೀನಮ್ಮ ಗೋಡೆಗೆ ಹೇಳುತ್ತಿದ್ದಳು: "ಅನ್ನ ಒಲೆ ಮೇಲಿದೆ." ಸೊಸೆ ಬಾಗಿಲಿಗೆ ಹೇಳುತ್ತಿದ್ದಳು: "ಊಟ ಆಗಿದೆ." ಅವಳು ತಟ್ಟೆಯನ್ನು ತನ್ನ ಕೋಣೆಗೆ ಒಯ್ಯತೊಡಗಿದಳು. ಮಗನ ಊಟ ಹೋಟೆಲಿನಲ್ಲಿ. ಮೇಜಿನ ಬಳಿ ಗಂಡ ಹೆಂಡತಿ ಇಬ್ಬರೇ ಉಳಿದರು, ಅವರಿಗೂ ಮಾತು ಕಡಿಮೆಯೇ.

ಭಾನುವಾರ ಮಗನ ಪ್ರಯೋಗದ ದಿನ. ಆಕೆ ಬೀಗ ತೆಗೆದು, ಬಾಟಲಿ ಕೊಟ್ಟು, ಪೊಲೀಸಿನವಳ ಹಾಗೆ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಅವನು ಗಾಜಿನ ಲೋಟದ ತಳಕ್ಕೆ ರಾಸ್ಪ್‌ಬೆರಿ, ಸಕ್ಕರೆ, ನಿಂಬೆರಸ ಹಾಕಿ ಮರದ ಕೋಲಿನಿಂದ ಮೆಲ್ಲಗೆ ಹಿಸುಕುತ್ತಿದ್ದ. ಆ ಕೋಲನ್ನು ವರ್ಕ್‌ಶಾಪಿನಲ್ಲಿ ಕಡೆದುಕೊಟ್ಟವನು ಬಡಗಿ. ಅದಕ್ಕೂ ಒಂದು ಜಗಳ ನಡೆದಿತ್ತು. "ಕುಡಿತಕ್ಕೆ ಕೋಲು ಬೇರೆ ಮಾಡಿಕೊಡಿ!" ಎಂದು ಆಕೆ ಅದನ್ನು ಒಲೆಗೆ ಹಾಕಲು ಹೋಗಿದ್ದಳು.

"ಜೋರಾಗಿ ಒತ್ತಬೇಡ್ವೋ, ಬೀಜ ಒಡೆದ್ರೆ ಕಹಿ ಆಗುತ್ತೆ ಅಂತ ನೀನೇ ಅಂದೆ," ಎಂದು ಬಡಗಿ ನಡುಮನೆಯಿಂದಲೇ ಕೂಗುತ್ತಿದ್ದ. ಅವನಿಗೆ ಅಡುಗೆಮನೆಗೆ ಪ್ರವೇಶವಿರಲಿಲ್ಲ.

"ನೀವು ಟಿವಿ ನೋಡ್ರೀ."

"ಟಿವಿ ಹಾಕಿಲ್ಲ."

"ಹಾಕಿ ನೋಡ್ರೀ."

ಮಗ ವಿಸ್ಕಿ ಅಳೆದು ಸುರಿದು, ಬಟ್ಟೆಯಲ್ಲಿ ಕುಟ್ಟಿದ ಐಸು ತುಂಬಿ, ಶೇಕರ್ ಕುಲುಕಿ, ಸೋಸಿ, ಮೇಲೆ ಸೋಡಾ ಬಿಟ್ಟು, ಒಂದು ಎಲೆ ಪುದೀನವನ್ನು ಅಂಗೈಯಲ್ಲಿ ತಟ್ಟಿ ತೇಲಿಬಿಡುತ್ತಿದ್ದ. ಸಂಜೆಯ ಆಕಾಶದ ಬಣ್ಣ ಬರುತ್ತಿತ್ತು. ಒಂದು ಗುಟುಕು ಬಾಯಲ್ಲಿಟ್ಟು ಮುಖ ಹುಳ್ಳಗೆ ಮಾಡಿ ಸಿಂಕಿಗೆ ಚೆಲ್ಲುತ್ತಿದ್ದ. "ಹಣ್ಣು ಒಂದು ಕಡೆ, ವಿಸ್ಕಿ ಒಂದು ಕಡೆ. ಒಂದಕ್ಕೊಂದು ಮಾತೇ ಆಡ್ತಿಲ್ಲ."

"ಈ ಮನೇಲಿ ಮಾಡಿದ್ದಲ್ವಾ," ಎಂದಳು ಕೋಣೆಯಿಂದ ಸೊಸೆ, ಬಾಗಿಲಿಗೆ.

ಆಗ ಅವನು ದಾರಿ ಬದಲಿಸಿದ. ದೊಡ್ಡ ಗಾಜಿನ ಜಾಡಿಯಲ್ಲಿ ಹಣ್ಣು ತುಂಬಿ, ಮುಳುಗುವಷ್ಟು ವಿಸ್ಕಿ ಸುರಿದು, ಬಿಗಿಯಾಗಿ ಮುಚ್ಚಿ ಕೆಲವು ದಿನ ಬಿಟ್ಟ. ಜಾಡಿಯೂ ಕಪಾಟಿನ ಒಳಕ್ಕೇ ಹೋಯಿತು. ತೆಗೆದಾಗ ವಿಸ್ಕಿ ಕೆಂಪಾಗಿತ್ತು, ಹಣ್ಣುಗಳು ಬಿಳಿಚಿಕೊಂಡಿದ್ದವು. ಬಟ್ಟೆಯಲ್ಲಿ ಸೋಸಿ ಕೆಂಪನ್ನು ಸೀಸೆಗೆ ತುಂಬಿಸಿ, ರುಚಿ ನೋಡಿ, ಮೊದಲ ಬಾರಿ ಅವನು ಏನೂ ಚೆಲ್ಲಲಿಲ್ಲ. ಬಟ್ಟೆಯಲ್ಲಿ ಉಳಿದದ್ದನ್ನು ಬುಟ್ಟಿಯ ಕಡೆಗೆ ಒಯ್ದ.

"ಏಯ್! ಅದನ್ನ ಎಲ್ಲಿಗೆ?"

"ಎಸೀಬೇಕಮ್ಮ."

"ಇಷ್ಟು ಹಣ್ಣು? ಚಿನ್ನದ ಬೆಲೆ ಕೊಟ್ಟು ತಂದು? ನೀನು ಎಸಿ ಅಂದಿದ್ದೆಲ್ಲಾ ನಾನು ಎಸೆದಿದ್ರೆ ನೀನು ಇಷ್ಟು ಎತ್ತರ ಬೆಳೀತಿರ್ಲಿಲ್ಲ. ಇಡು ಅಲ್ಲಿ."

ಅವನಿಗೆ ಪಾಳಿಗೆ ಹೊತ್ತಾಗಿತ್ತು. ಬಟ್ಟೆಯನ್ನು ಸಿಂಕಿನ ಪಕ್ಕ ಬಿಸಾಕಿ, "ಏನಾದ್ರೂ ಮಾಡ್ಕೋ" ಎಂದು ಹೋದ. ಗಿಡದ ಬುಡಕ್ಕೆ ಹಾಕುತ್ತಾಳೆ ಎಂದುಕೊಂಡಿರಬೇಕು.

ಆಕೆ ಸೀಸೆಯನ್ನು ಬೀಗದೊಳಗಿಟ್ಟು, ಹಣ್ಣನ್ನು ಜರಡಿಗೆ ಹಾಕಿ ನಲ್ಲಿಯ ಕೆಳಗೆ ತೊಳೆದಳು. ಮತ್ತೊಮ್ಮೆ ತೊಳೆದಳು. ಪಾತ್ರೆಯ ಸೋಪು ಹೋಗುವ ಹಾಗೆ ಹೆಂಡವೂ ನೀರಿನ ಜೊತೆ ಹೋಯಿತು, ಕುಡಿತವೆಲ್ಲ ಸೀಸೆಯಲ್ಲಿದೆ, ಇದು ಬರೀ ಹಣ್ಣು, ಎನ್ನುವುದರಲ್ಲಿ ಆಕೆಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಮನೆಯಿಡೀ ಎಷ್ಟೋ ದಿನದಿಂದ ಅದೇ ವಾಸನೆ ಹೊಡೆಯುತ್ತಿತ್ತು. ಕೆಮ್ಮಿನ ಔಷಧಿಯನ್ನು ಹಿಡಿಯುತ್ತಿದ್ದ ಮೂಗು ಸೋತು ಸುಮ್ಮನಾಗಿತ್ತು. ಸಕ್ಕರೆ ಕಾಯಿಲೆಯ ಆಕೆ ಸಿಹಿಯನ್ನು ನಾಲಿಗೆಗೆ ಮುಟ್ಟಿಸುವವಳಲ್ಲ. ಗಟ್ಟಿ ಮೊಸರಿಗೆ ಸಕ್ಕರೆ ಬೆರೆಸಿ, ಹಣ್ಣು ಹಾಕಿ ಕಲಸಿ, ಫ್ರಿಜ್ಜಿನಲ್ಲಿಟ್ಟು, ರಾತ್ರಿಯ ಊಟಕ್ಕೆ ಗಂಡನ ಮುಂದೆ ಒಂದು ಬಟ್ಟಲು ಇಟ್ಟಳು.

ಬಡಗಿ ಒಂದು ಚಮಚ ಬಾಯಿಗಿಟ್ಟ. ಚಮಚ ಬಾಯಲ್ಲೇ ನಿಂತಿತು. ಅವನು ಹೆಂಡತಿಯ ಮುಖ ನೋಡಿದ.

"ಯಾಕೆ? ಹುಳಿಯಾ?"

"ಇಲ್ಲ."

"ಸಕ್ಕರೆ ಕಮ್ಮಿಯಾ?"

"ಇಲ್ಲ. ಸರಿಯಾಗಿದೆ."

ಬಟ್ಟಲು ಖಾಲಿಯಾಯಿತು. ಅಂಚಿಗೆ ಅಂಟಿದ್ದನ್ನೂ ಅವನು ಬೆರಳಲ್ಲಿ ಬಳಿದ, ತುದಿಯಿಲ್ಲದ ಬೆರಳಲ್ಲಿ. "ಇನ್ನೂ ಇದೆಯಾ?" ಎಂದ.

ತಾನು ಬಡಿಸಿದ್ದನ್ನು ಅವನು ಇನ್ನೂ ಬೇಕು ಎಂದು ಹಿಂದೆ ಯಾವಾಗ ಕೇಳಿದ್ದನೋ ಆಕೆಗೆ ನೆನಪಿಗೆ ಬರಲಿಲ್ಲ. ಬಡಿಸಿದಳು.

ಆಮೇಲಿನ ವಾರಗಳಲ್ಲಿ ಮಗನ ಜಾಡಿ ಮತ್ತೆ ಮತ್ತೆ ತುಂಬಿತು, ಮತ್ತೆ ಮತ್ತೆ ಖಾಲಿಯಾಯಿತು. ಒಮ್ಮೆ ಬ್ಲ್ಯಾಕ್‌ಬೆರಿ ಹೆಚ್ಚು, ಒಮ್ಮೆ ಸ್ಟ್ರಾಬೆರಿ ಕಡಿಮೆ. ಸೋಸಿದ ಹಣ್ಣೆಲ್ಲ ಮೊಸರಿಗೆ. ಬಡಗಿ ಊಟದ ಹೊತ್ತಿಗೆ ಮೊದಲೇ ಬಂದು ಕುಳಿತುಕೊಳ್ಳತೊಡಗಿದ. ಸಿಕ್ಕಿಕೊಳ್ಳುತ್ತಿದ್ದ ಮೇಜಿನ ಡ್ರಾಯರನ್ನು ಕೇಳದೆಯೇ ಉಜ್ಜಿ ಸರಿಮಾಡಿದ. ಒಂದು ಸಂಜೆ ಆಕೆಯ ಕಾಲಿನ ನೋವಿಗೆ ಎಣ್ಣೆ ಬಿಸಿ ಮಾಡಿ ತಂದ. ಆಕೆ, "ಏನು, ಸೂರ್ಯ ಯಾವ ಕಡೆ ಹುಟ್ಟಿದ?" ಎಂದಳಾದರೂ ಕಾಲು ಚಾಚಿದಳು. ಬೀಗದೊಳಗಿನ ಗೆರೆಯನ್ನು ಆಕೆ ದಿನವೂ ನೋಡುತ್ತಿದ್ದಳು. ಮಗ ಅಳೆದು ತೆಗೆದಷ್ಟೇ ಇಳಿದಿರುತ್ತಿತ್ತು, ಹೊಸ ಗೆರೆ ಹಾಕುತ್ತಿದ್ದಳು, ಹೊಸ ಬಾಟಲಿ ಬಂದರೆ ಅದಕ್ಕೂ.

"ಮನುಷ್ಯನಿಗೆ ಹೊಟ್ಟೆ ತುಂಬಾ ಹಾಕಿದ್ರೆ ಕುಡಿತದ ಕಡೆ ಮನಸ್ಸೇ ಹೋಗಲ್ಲ," ಎಂದು ಗೋಡೆಗೆ ಹೇಳಿದಳು, ಸೊಸೆಗೆ ಕೇಳುವ ಹಾಗೆ. "ಹಾಕೋಕೆ ಕೈ ಬರಬೇಕಷ್ಟೆ. ಮಾತ್ರೆ ಎಣಿಸೋ ಕೈಗೆ ಅದೆಲ್ಲಿ ಬರುತ್ತೆ?"

ಸೊಸೆ ಕೋಣೆಯ ಬಾಗಿಲು ಹಾಕಿಕೊಂಡಳು.

ಮಗನ ಪರೀಕ್ಷೆಗೆ ಎರಡು ದಿನವಿದ್ದಾಗ ಮನೆಯಲ್ಲಿ ಸೋಸಿದ ಹಣ್ಣು ಮುಗಿದಿತ್ತು. ಕಡೆಯ ಜಾಡಿ ಇನ್ನೂ ನೆನೆಯುತ್ತಿತ್ತು. ಆಕೆ ಊಟಕ್ಕೆ ಮೊಟ್ಟೆ, ಬ್ರೆಡ್ಡು, ತರಕಾರಿ ಬೇಯಿಸಿಟ್ಟಳು. ಬಡಗಿ ತಿಂದ. ತಿಂದು ಕೂತೇ ಇದ್ದ.

"ಎಲ್ಲಿ?"

"ಏನೆಲ್ಲಿ?"

"ಅದೇ. ಬಟ್ಟಲು."

"ಇವತ್ತಿಲ್ಲ. ಬಾಳೆಹಣ್ಣು ತಿನ್ನಿ."

"ಬಾಳೆಹಣ್ಣು ನಿಮ್ಮಪ್ಪನಿಗೆ ಕೊಡು!"

ತಟ್ಟೆ ಗೋಡೆಗೆ ಬಡಿದು ನೆಲಕ್ಕೆ ಬಿತ್ತು. ಅವನು ನೀರಿನ ಲೋಟಕ್ಕೆ ಕೈ ಹಾಕಿದ. ಲೋಟ ಹಲ್ಲಿಗೆ ತಾಗಿ ಕಟಕಟ ಎಂದಿತು. ಆ ಸದ್ದು ಆಕೆಗೆ ಹಳೆಯ ಪರಿಚಯ. ಆಕೆ ಎದ್ದು ನೇರ ಕಪಾಟಿಗೆ ಹೋದಳು. ಗೆರೆ ಇದ್ದಲ್ಲೇ ಇತ್ತು, ಜಾಡಿ ಮುಚ್ಚಿದ ಹಾಗೇ ಇತ್ತು, ಹಿಂದಿನ ಹಲಗೆ ಒಳಗಿಂದ ತಳ್ಳಿದರೂ ಅಲುಗಲಿಲ್ಲ.

ಮರುದಿನ ಭಾನುವಾರ. ಮಗ ಕಡೆಯ ಜಾಡಿಯನ್ನು ಸೋಸುತ್ತಿರುವಾಗ ಆಕೆ ಶುರುಮಾಡಿದಳು. "ಹೇಳು. ನೀನು ಕೊಡ್ತಿದ್ದೀಯಾ, ನಿನ್ನ ಹೆಂಡತಿ ಕೊಡ್ತಿದ್ದಾಳಾ?"

"ಏನನ್ನ?"

"ನಿಮ್ಮಪ್ಪ ಕುಡೀತಿದ್ದಾರೆ. ಆ ಕೈ ನಡುಕ ನಂಗೆ ಗೊತ್ತು. ಕಪಾಟಿಂದ ಒಂದು ತೊಟ್ಟೂ ಹೋಗಿಲ್ಲ. ಅಂದ್ಮೇಲೆ ಯಾರೋ ಹೊರಗಿಂದ ತಂದು ಕೊಡ್ತಿದ್ದಾರೆ."

"ತಲೆ ಕೆಟ್ಟಿದೆಯಾ ನಿಂಗೆ? ನಾನ್ಯಾಕೆ ಕೊಡ್ಲಿ?"

"ಯಾಕೆ ಅಂತ ನಿನ್ನ ಹೆಂಡತಿನೇ ಕೇಳು. ಅವಳ ಅಂಗಡೀಲಿ ಎಲ್ಲಾ ಥರದ ಸೀಸೆ ಇರುತ್ತಲ್ಲ."

ಸೊಸೆ ಕೋಣೆಯಿಂದ ಹೊರಗೆ ಬಂದಳು. ಎಷ್ಟೋ ವಾರಗಳ ಮೇಲೆ ನೇರ ಅತ್ತೆಯ ಮುಖ ನೋಡಿ ಮಾತಾಡಿದಳು. "ಇನ್ನೊಂದು ಸಲ ಹೇಳಿ."

"ನೂರು ಸಲ ಹೇಳ್ತೀನಿ, ನಿಂಗೆ ಹೆದರಿಕೊಂಡು ಬದುಕ್ಬೇಕಾ ನಾನು?" ಎನ್ನುತ್ತಲೇ ಕ್ಯಾಂಟೀನಮ್ಮ ಮಗನ ಕೈಯ ಬಟ್ಟೆಯನ್ನು ಕಸಿದು ಹಣ್ಣನ್ನು ಜರಡಿಗೆ ಸುರಿದಳು, ನಲ್ಲಿ ತಿರುಗಿಸಿದಳು. ಜಗಳವಾದರೂ ಕೈ ತನ್ನ ಕೆಲಸ ಬಿಡುವುದಿಲ್ಲ.

ಸೊಸೆಯ ಕಣ್ಣು ಜರಡಿಯ ಮೇಲೆ ನಿಂತಿತು. "ಅದನ್ನ ಏನು ಮಾಡ್ತೀರಿ?"

"ನಿಮ್ಮ ಮಾವನಿಗೆ. ಮೊಸರಲ್ಲಿ."

"ದಿನಾ ಕೊಡ್ತಿದ್ದ ಬಟ್ಟಲು... ಅದು ಇದೇನಾ?"

"ಮತ್ತೆ? ಎಸೀಬೇಕಿತ್ತಾ? ತೊಳೆದೇ ಕೊಟ್ಟಿದ್ದೀನಿ."

ಮಗ ಸೀಸೆಯನ್ನು ಕಟ್ಟೆಯ ಮೇಲಿಟ್ಟ. ಸೊಸೆ ಜರಡಿಯಿಂದ ಒಂದು ಸ್ಟ್ರಾಬೆರಿ ಎತ್ತಿ, ಅತ್ತೆಯ ತುಟಿಯ ಮುಂದೆ ಹಿಡಿದಳು. "ತಿನ್ನಿ. ಒಂದೇ ಒಂದು. ನಿಮ್ಮ ಸಕ್ಕರೆ ಏನೂ ಏರಲ್ಲ."

ಕ್ಯಾಂಟೀನಮ್ಮ ಬಾಯಿ ತೆರೆದಳು, ಹಟಕ್ಕೆ. ಹಣ್ಣು ಹಲ್ಲಿಗೆ ಸಿಕ್ಕಿದೊಡನೆ ಒಡೆದು ಬಾಯಿ, ಗಂಟಲು, ಎದೆಯವರೆಗೆ ಉರಿಯಿತು. ಹಣ್ಣಿನ ಕೆಂಪೆಲ್ಲ ಸೀಸೆಗೆ ಹೋಗಿತ್ತು, ಸೀಸೆಯದು ಹಣ್ಣಿಗೆ ಬಂದಿತ್ತು. ಆಕೆ ಉಗಿಯಲಿಲ್ಲ, ನುಂಗಲೂ ಇಲ್ಲ. ನಲ್ಲಿ ಸುರಿಯುತ್ತಲೇ ಇತ್ತು.

ಬಡಗಿ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

ಆಕೆ ಬಾಯಿ ಒರೆಸಿಕೊಂಡಳು. "ನಿಮಗೆ ಗೊತ್ತಿರ್ಲಿಲ್ವಾ?"

"ಮೊದಲನೇ ಚಮಚಕ್ಕೇ ಗೊತ್ತಾಯ್ತು."

"ಮತ್ತೆ ಹೇಳ್ಬಾರದಿತ್ತಾ?"

ಅವನು ಜರಡಿಯ ಕಡೆಗೆ ನೋಡಿದ.

"ಹೇಳ್ರೀ! ಬಾಯಿ ಇರಲಿಲ್ವಾ? ಇಷ್ಟು ವಾರ ನನ್ನ ಕೈಯಾರೆ... ನಾನು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ದೆ, ನೀವು ಬಟ್ಟಲು ಬಳ್ಕೊಂಡು ನನ್ನನ್ನ ಒಳಗೊಳಗೇ ನೋಡಿ ನಗ್ತಿದ್ರಾ?"

"ನಗಲಿಲ್ಲ," ಎಂದ ಬಡಗಿ. "ನೀನೇ ಬಡಿಸ್ತಿದ್ದೆ. ಖುಷಿಯಾಗಿ ಬಡಿಸ್ತಿದ್ದೆ. ಹೇಳಿದ್ರೆ ಬಟ್ಟಲು, ನಿನ್ನ ಖುಷಿ, ಎರಡೂ ನಿಲ್ತಿತ್ತು."

ಆಕೆ ಜರಡಿಯನ್ನು ಸಿಂಕಿಗೆ ಬೋರಲು ಹಾಕಿದಳು. ಜಾಡಿಯಲ್ಲಿ ಉಳಿದದ್ದು, ಬಾಟಲಿಯ ತಳದಲ್ಲಿದ್ದದ್ದು, ಕೊನೆಗೆ ಮಗನ ಸೀಸೆ, ಎಲ್ಲವನ್ನೂ ಒಂದರ ಹಿಂದೆ ಒಂದು ಸುರಿದಳು. "ಅಮ್ಮಾ, ನಾಳೆ ನನ್ನ ಪರೀಕ್ಷೆ!" ಎಂದು ಮಗ ಆಕೆಯ ಮಣಿಕಟ್ಟು ಹಿಡಿಯುವಷ್ಟರಲ್ಲಿ ಸೀಸೆ ಮುಕ್ಕಾಲು ಖಾಲಿಯಾಗಿತ್ತು.

"ಚೆಲ್ಲಬೇಡ, ಅದು ಅವನ ಕೆಲಸ," ಎಂದ ಬಡಗಿ.

ಮೂವರೂ ತಿರುಗಿ ಅವನನ್ನು ನೋಡಿದರು. ಮೂವರ ಮುಖದಲ್ಲೂ ಒಂದೇ ಸಂಶಯ. ಅವನು ಅದನ್ನು ಓದಿಕೊಂಡ. ಚಪ್ಪಲಿ ಮೆಟ್ಟಿ ಹೊರಗೆ ಹೋದ. ಹಣ್ಣು ಕೊಳವೆಗೆ ಸಿಕ್ಕಿಕೊಂಡು ಸಿಂಕು ಕೆಂಪು ನೀರು ತುಂಬಿ ನಿಂತಿತು. ಅದನ್ನು ತೆಗೆಯಲು ಯಾರೂ ಕೈ ಹಾಕಲಿಲ್ಲ.

ಮಗ ಮರುದಿನ ತಾಜಾ ಹಣ್ಣು ಹಿಸುಕಿಯೇ ಪಾನೀಯ ಮಾಡಿಕೊಟ್ಟ. ಜಾಗ ಇನ್ನೊಬ್ಬನಿಗೆ ಹೋಯಿತು. ಆ ಸುದ್ದಿಯನ್ನು ಅವನು ಮನೆಯಲ್ಲಿ ಹೇಳಲಿಲ್ಲ. ಅದೇ ಹಳೆಯ ಅಂಗಿಯಲ್ಲಿ ಅದೇ ಪಾಳಿಗೆ ಹೊರಡುವುದನ್ನು ನೋಡಿ ತಾಯಿ ತಿಳಿದುಕೊಂಡಳು. "ಊಟ ಮಾಡ್ಕೊಂಡು ಹೋಗೋ," ಎಂದಳು. "ಚೆಲ್ಲಿಬಿಡು," ಎಂದು ಅವನು ಬಾಗಿಲು ಎಳೆದುಕೊಂಡ. ಸೊಸೆ ಬಾಡಿಗೆ ಮನೆ ಹುಡುಕುತ್ತಿದ್ದಳು. ಅದನ್ನು ಬಾಗಿಲಿಗಲ್ಲ, ನೇರವಾಗಿಯೇ ಹೇಳಿದಳು. "ಸಿಕ್ಕಿದ ದಿನ ಹೋಗ್ತೀವಿ ಅತ್ತೆ." ಅತ್ತೆ ತಡೆಯಲಿಲ್ಲ.

ಬಡಗಿ ಆ ದಿನಗಳಲ್ಲಿ ಮನೆಗೆ ಬರುತ್ತಿದ್ದ, ಮಲಗುತ್ತಿದ್ದ, ಏಳುತ್ತಿದ್ದ. ಊಟ ಮಾತ್ರ ಬೇಡ ಎನ್ನುತ್ತಿದ್ದ. ವರ್ಕ್‌ಶಾಪಿನ ಪಕ್ಕದ ಅಂಗಡಿಯ ಬನ್ನು, ಟೀ. ಹೆಂಡತಿ ಬಾಗಿಲಲ್ಲಿ ನಿಂತು ಏನೂ ಕೇಳುತ್ತಿರಲಿಲ್ಲ.

ಒಂದು ಸಂಜೆ ಅವನು ಬಹಳ ತಡಮಾಡಿ ಬಂದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಆಕೆ ಅಡುಗೆಮನೆಯಿಂದ ಎದ್ದು ಬಂದಳು.

"ಅಂಗಡಿ ಮುಂದೆ ನಿಂತಿದ್ದೆ," ಎಂದ, ಕೇಳದೆಯೇ.

"ಯಾವ ಅಂಗಡಿ?"

"ಯಾವುದು ಅಂತ ಕೇಳ್ತೀಯಲ್ಲ."

"ಒಳಗೆ ಹೋದ್ರಾ?"

"ಇಲ್ಲ. ಇವತ್ತು ಹೋಗ್ಲಿಲ್ಲ. ನಾಳೆದು ನಂಗೊತ್ತಿಲ್ಲ." ಅವನು ಮೇಜಿನ ಮುಂದೆ ಕುಳಿತ. "ಹಸಿವಾಗ್ತಿದೆ. ಏನಿದೆ?"

ಅನ್ನವಿತ್ತು, ಬೇಯಿಸಿದ ಬೀನ್ಸಿತ್ತು. ಆಕೆ ಬಿಸಿ ಮಾಡಿ ಬಡಿಸಿದಳು. ಅವನು ಕೈ ಹಾಕಲಿಲ್ಲ. ತಟ್ಟೆಯನ್ನು ಮೆಲ್ಲಗೆ ಆಕೆಯ ಕಡೆಗೆ ತಳ್ಳಿದ.

"ಮೊದಲು ನೀನು ತಿನ್ನು."

ಆಕೆಯ ಮುಖ ಕೆಂಪೇರಿತು. "ಏನಂದ್ರಿ? ನಾನೇನು ವಿಷ ಹಾಕ್ತೀನಾ? ಒಂದು ಸಲ ತಿಳೀದೆ ಆಯ್ತು ಅಂತ ಜೀವನಪೂರ್ತಿ..."

"ನಿನ್ನ ಮೇಲೆ ಅನುಮಾನ ಅಲ್ಲ," ಎಂದ ಬಡಗಿ. ಸ್ವರ ಏರಲಿಲ್ಲ. "ಅದರಲ್ಲಿ ಏನಾದ್ರೂ ಇದ್ರೆ ನಾನು ಹೇಳಲ್ಲ. ಸುಮ್ಮನೆ ತಿಂತೀನಿ. ಈಗ ನಿಂಗೂ ಗೊತ್ತು, ನಂಗೂ ಗೊತ್ತು. ಅದಕ್ಕೇ ನೀನು ಮೊದಲು ತಿನ್ನು."

ಆಕೆ ನಿಂತೇ ಇದ್ದಳು. ಕೋಣೆಯಲ್ಲಿ ಸೊಸೆ ಪೆಟ್ಟಿಗೆ ಕಟ್ಟುವ ಸದ್ದು ಕೇಳುತ್ತಿತ್ತು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತಳು. ಒಂದು ತುತ್ತು ಅನ್ನ, ಒಂದು ತುತ್ತು ಬೀನ್ಸು, ನಿಧಾನವಾಗಿ ಅಗಿದು ನುಂಗಿದಳು. ಅವನು ಆಕೆಯ ಮುಖವನ್ನೇ ನೋಡುತ್ತಿದ್ದ.

"ಬರೀ ಅನ್ನ," ಎಂದಳು.

ಬಡಗಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ತಿನ್ನತೊಡಗಿದ.